ವರ್ಟ್, ಯೀಸ್ಟ್ ಮತ್ತು ಗದಗ ಸೀಮೆಯ ಜೋಳ

ಬಿಯರ್ ತಯಾರಿಕೆಯನ್ನು ಎರಡು ಪಾಲು ಮಾಡಿ ನೋಡಿದರೆ ಅದರ ಸ್ವರೂಪ ಬೇಗ ತಿಳಿಯುತ್ತದೆ. ಮೊದಲ ಪಾಲು ಒಲೆಯ ಮುಂದಿನದು. ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು ಒಡೆದು ಬಿಸಿನೀರಿನಲ್ಲಿ ಇಟ್ಟು, ಅದರೊಳಗಿನ ಪಿಷ್ಟ ಸಕ್ಕರೆಯಾಗಿ ಕರಗಿದ ಮೇಲೆ ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಕುದಿಸುವ ಕೆಲಸವೆಲ್ಲ ಅದರಲ್ಲಿ ಸೇರುತ್ತದೆ. ಹೀಗೆ ದೊರೆಯುವ ಕಂದುಬಣ್ಣದ ಸಿಹಿನೀರಿಗೆ ವರ್ಟ್ ಎಂದು ಹೆಸರು. ಎರಡನೆಯ ಪಾಲು ಯೀಸ್ಟ್ ಎಂಬ ಏಕಕೋಶ ಜೀವಿಯದು. ಅದು ತಣಿದ ವರ್ಟಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುಗಡೆ ಮಾಡುತ್ತದೆ, ಆ ಹುದುಗು ಮುಗಿದಾಗ ಸಿಹಿನೀರು ಬಿಯರ್ ಆಗಿರುತ್ತದೆ. ಮೊದಲ ಪಾಲಿನ ಕೊನೆಯವರೆಗೂ ಪಾತ್ರೆಯಲ್ಲಿರುವುದು ಕಾಯಿಸಿದ ಧಾನ್ಯದ ರಸ ಮಾತ್ರ ಎಂಬ ಸಂಗತಿಯನ್ನು ಇಲ್ಲಿಯೇ ಗುರುತಿಸಿಟ್ಟುಕೊಳ್ಳಬೇಕು, ಏಕೆಂದರೆ ರಸಾಯನಶಾಸ್ತ್ರವೂ ಕಾನೂನೂ ಗೆರೆ ಎಳೆಯುವುದು ಹೆಚ್ಚುಕಡಿಮೆ ಅದೇ ಜಾಗದಲ್ಲಿ.

ಆಸ್ಟ್ರೇಲಿಯದಂತಹ ದೇಶಗಳಲ್ಲಿ, ಮನೆಯಲ್ಲಿಯೇ ಬಿಯರ್ ಮಾಡಿಕೊಳ್ಳುವವರಿಗೆಂದು ಈ ಮೊದಲ ಪಾಲನ್ನು ಪೂರ್ತಿಯಾಗಿ ಮುಗಿಸಿದ ವರ್ಟನ್ನು ಸುಮಾರು 15 ಲೀಟರ್ ಹಿಡಿಯುವ ಚೌಕಾಕಾರದ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಮಾರುತ್ತಾರೆ. ಅದನ್ನು ತಾಜಾ ವರ್ಟ್ ಕಿಟ್ ಎನ್ನುತ್ತಾರೆ. ಬಿಯರ್ ತಯಾರಕರು ದೊಡ್ಡ ಕಡಾಯಿಯಲ್ಲಿ ಕುದಿಸಿದ ರಸವನ್ನು ಬಿಸಿಬಿಸಿಯಾಗಿರುವಾಗಲೇ ಕ್ಯಾನಿಗೆ ತುಂಬಿ, ಒಳಗಿನ ಗಾಳಿಯನ್ನು ಹಿಂಡಿ ಹೊರಹಾಕಿ, ಮುಚ್ಚಳ ಬಿಗಿದು ತಣಿಯಲು ಬಿಡುತ್ತಾರೆ, ಆ ಕಾವಿಗೆ ಕ್ಯಾನಿನ ಒಳಮೈಯಲ್ಲಿದ್ದ ಸೂಕ್ಷ್ಮಜೀವಿಗಳೂ ಸಾಯುವುದರಿಂದ ರಸ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಕೊಂಡವರು ಅದನ್ನು ತೊಳೆದ ಪಾತ್ರೆಗೆ ಸುರಿದು, ಸುಮಾರು 5 ಲೀಟರ್ ನೀರು ಬೆರೆಸಿ, ಯೀಸ್ಟ್ ಹಾಕಿ ಮುಚ್ಚಿಟ್ಟರೆ ಎರಡನೆಯ ಪಾಲು ಮನೆಯಲ್ಲಿ ನಡೆಯುತ್ತದೆ. ಇದಕ್ಕಿಂತ ಹಳೆಯದಾದ ಇನ್ನೊಂದು ಬಗೆಯ ಕಿಟ್‌ನಲ್ಲಿ ವರ್ಟಿನ ನೀರನ್ನು ಬಹುಪಾಲು ಆವಿ ಮಾಡಿ, ಕಾಕಂಬಿಯಷ್ಟು ಗಟ್ಟಿಯಾದ ಪಾಕವನ್ನು ತಗಡಿನ ಡಬ್ಬಿಯಲ್ಲಿ ಕೊಡಲಾಗುತ್ತಿತ್ತು, ಈಗಲೂ ಕೊಡಲಾಗುತ್ತದೆ. ಆ ಪಾಕ ದಿನ ಕಳೆದಂತೆ ಕಪ್ಪಾಗಿ ಒಂದು ಬಗೆಯ ಹಳಸಲು ರುಚಿಯನ್ನು ಪಡೆಯುವುದರಿಂದ, ರುಚಿಯ ಬಗ್ಗೆ ಕಟ್ಟುನಿಟ್ಟಾಗಿರುವವರು ಪಾಕಕ್ಕಿಂತ ರಸವನ್ನೇ ಬಯಸುತ್ತಾರೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕೇಳುಗರಿಗೆ ಈ ಕಿಟ್ ದೂರದ ಮಾತಾಗಿ ತೋರಬಹುದು. ಆದರೆ ಅದರ ಎರಡು ಪಾಲುಗಳನ್ನು ಈ ನಾಲ್ಕು ಊರುಗಳ ನೆಲ, ನೀರು, ಬಿಸಿಲು ಮತ್ತು ಕಾನೂನಿನ ಮೇಲೆ ಇಟ್ಟು ನೋಡಿದಾಗ ತಿಳಿಯುವುದೇನೆಂದರೆ, ಇಲ್ಲಿನ ಹವೆಗೂ ಕಾನೂನಿಗೂ ಹೊಂದದ್ದು ಯೀಸ್ಟಿನ ಪಾಲು, ಹೊಂದುವುದು ಮೊಳಕೆಯ ಪಾಲು. ಹೊರದೇಶದ ಗ್ರಾಹಕನು ಹಣ ಕೊಟ್ಟು ಯಾವ ಕೆಲಸವನ್ನು ಬೇರೆಯವರಿಂದ ಮಾಡಿಸಿಕೊಳ್ಳುತ್ತಾನೋ ಆ ಕೆಲಸಕ್ಕೆ ಜೋಳದ ಈ ಸೀಮೆಯಲ್ಲಿ ಅನುಕೂಲಗಳಿವೆ.

ಮೊದಲು ಮೊಳಕೆಯ ಕೆಲಸವನ್ನು ನೋಡಬೇಕು. ಧಾನ್ಯದ ಕಾಳಿನೊಳಗೆ ಪಿಷ್ಟವೆಂಬುದು ಸಸಿಗಾಗಿ ಕೂಡಿಟ್ಟ ಆಹಾರ. ಕಾಳು ನೆನೆದು ಮೊಳೆಯತೊಡಗಿದಾಗ ಅದು ಅಮೈಲೇಸ್ ಎಂಬ ಕಿಣ್ವಗಳನ್ನು, ಅಂದರೆ ಪಿಷ್ಟದ ಉದ್ದನೆಯ ಸರಪಳಿಗಳನ್ನು ಕತ್ತರಿಸಿ ಸಕ್ಕರೆಯ ಚಿಕ್ಕ ತುಂಡುಗಳನ್ನಾಗಿ ಮಾಡುವ ಪ್ರೋಟೀನುಗಳನ್ನು, ಹುಟ್ಟಿಸಿಕೊಳ್ಳುತ್ತದೆ. ಸಸಿ ಈ ಆಹಾರವನ್ನು ಉಂಡು ಮುಗಿಸುವ ಮೊದಲೇ ಕಾಳನ್ನು ಒಣಗಿಸಿ ಬೆಳವಣಿಗೆಯನ್ನು ನಿಲ್ಲಿಸಿದರೆ, ಪಿಷ್ಟವೂ ಉಳಿಯುತ್ತದೆ, ಅದನ್ನು ಕತ್ತರಿಸುವ ಕಿಣ್ವವೂ ಉಳಿಯುತ್ತದೆ; ಹೀಗೆ ಒಣಗಿಸಿದ ಕಾಳೇ ಮಾಲ್ಟ್. ಜವೆಗೋಧಿಯ, ಅಂದರೆ ಬಾರ್ಲಿಯ, ಮಾಲ್ಟನ್ನು ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ತಾಸು ಇಟ್ಟರೆ ಸಪ್ಪೆ ಗಂಜಿ ಸಿಹಿಯಾಗುತ್ತದೆ. ಪಿಷ್ಟ ಉಳಿದಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ನಿನ ಒಂದು ಹನಿ ಸಾಕು. ಬಿಳಿ ಪಿಂಗಾಣಿಯ ಮೇಲೆ ಹಾಕಿದ ರಸ ನೀಲಿಗಪ್ಪಾದರೆ ಪಿಷ್ಟ ಇನ್ನೂ ಇದೆ, ಬಣ್ಣ ಬದಲಾಗದಿದ್ದರೆ ಕೆಲಸ ಮುಗಿದಿದೆ.

ಆಮೇಲಿನ ಕುದಿಸುವಿಕೆಗೆ ಹಲವು ಉದ್ದೇಶಗಳಿವೆ. ಒಂದೆರಡು ಗಂಟೆಯ ಕುದಿತ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಬೇಡದ ಪ್ರೋಟೀನನ್ನು ಗಟ್ಟಿ ಮಾಡಿ ತಳಕ್ಕಿಳಿಸುತ್ತದೆ, ಹಾಪ್ಸ್ ಹೂವಿನ ಅಂಟಿನಲ್ಲಿರುವ ಆಮ್ಲಗಳ ರಚನೆಯನ್ನು ಬದಲಿಸಿ ಅವು ನೀರಿನಲ್ಲಿ ಕರಗಿ ಕಹಿ ಕೊಡುವಂತೆ ಮಾಡುತ್ತದೆ. ಹಾಪ್ಸ್ ತಂಪು ನಾಡಿನ ಬಳ್ಳಿ. ಭಾರತದಲ್ಲಿ ಅದನ್ನು ಬೆಳೆಯುವುದು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ, ಅದೂ ಅಲ್ಪ ಪ್ರಮಾಣದಲ್ಲಿ. ಗದಗ ಜಿಲ್ಲೆಯ ಕಪ್ಪತಗುಡ್ಡದ ಔಷಧಿ ಸಸ್ಯಗಳ ಪಟ್ಟಿ ಎಷ್ಟೇ ಉದ್ದವಾಗಿದ್ದರೂ ಅದರಲ್ಲಿ ಹಾಪ್ಸಿಗೆ ಜಾಗವಿಲ್ಲ.

ಎರಡನೆಯ ಪಾಲಿನ, ಅಂದರೆ ಮನೆಯಲ್ಲಿ ನಡೆಯುವ ಪಾಲಿನ, ಲೆಕ್ಕ ಸರಳವಾದುದು. ವರ್ಟಿನಲ್ಲಿ ಸಕ್ಕರೆ ಎಷ್ಟಿದೆ ಎಂಬುದನ್ನು ಹೈಡ್ರೋಮೀಟರ್ ಎಂಬ ಗಾಜಿನ ತೇಲುಗೊಳವೆಯಿಂದ ಅಳೆಯುತ್ತಾರೆ. ನೀರಿನ ಸಾಂದ್ರತೆಯನ್ನು 1.000 ಎಂದು ಹಿಡಿದರೆ ಕಿಟ್ಟಿನ ರಸ 1.064 ತೋರಿಸಬಹುದು, 15 ಲೀಟರಿಗೆ 5 ಲೀಟರ್ ನೀರು ಸೇರಿ 20 ಲೀಟರ್ ಆದಾಗ ಅದು 1.048ಕ್ಕೆ ಇಳಿಯುತ್ತದೆ. ಹುದುಗು ಮುಗಿದಾಗ ಓದು 1.010ಕ್ಕೆ ನಿಂತರೆ, ಎರಡರ ನಡುವಿನ ಅಂತರವನ್ನು 131ರಿಂದ ಗುಣಿಸಿದಾಗ ಸಿಗುವ ಸುಮಾರು 5 ಎಂಬ ಸಂಖ್ಯೆ ಬಿಯರಿನಲ್ಲಿರುವ ಮದ್ಯಸಾರದ ಶೇಕಡಾ ಪ್ರಮಾಣ. ಎರಡು ಮೂರು ದಿನ ಓದು ಬದಲಾಗದೆ ನಿಂತ ಮೇಲೆಯೇ ಸೀಸೆಗೆ ತುಂಬಬೇಕು. ನೊರೆಗಾಗಿ ಲೀಟರಿಗೆ 6 – 7 ಗ್ರಾಂ ಸಕ್ಕರೆ ಸೇರಿಸಿ ಮುಚ್ಚುವ ಪದ್ಧತಿಯಿದ್ದು, ಹುದುಗು ಮುಗಿಯುವ ಮುನ್ನವೇ ಅವಸರ ಮಾಡಿದರೆ ಅನಿಲದ ಒತ್ತಡಕ್ಕೆ ಸೀಸೆ ಒಡೆದು ಗಾಜು ಸಿಡಿಯುತ್ತದೆ.

ಇದೆಲ್ಲದರ ಕರ್ತೃವಾದ ಯೀಸ್ಟನ್ನು ಮನುಷ್ಯ ಗುರುತಿಸಿದ್ದು ಬಹಳ ತಡವಾಗಿ. ಬವೇರಿಯದ ದೊರೆಗಳು 1516ರಲ್ಲಿ ಹೊರಡಿಸಿದ ಹೆಸರಾಂತ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್ ಮತ್ತು ನೀರನ್ನು ಮಾತ್ರ ಹೇಳಿ ಯೀಸ್ಟನ್ನು ಬಿಟ್ಟಿತ್ತು. ಶುದ್ಧತೆಯ ಮಾದರಿಯೆಂದು ಇಂದಿಗೂ ಹೊಗಳಿಸಿಕೊಳ್ಳುವ ಆ ಕಾನೂನಿನಲ್ಲಿ ಬಿಯರನ್ನು ಬಿಯರ್ ಮಾಡುವ ವಸ್ತುವೇ ಇರಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ಲೂಯಿ ಪಾಶ್ಚರ್ ಬಿಯರಿನ ರೋಗಗಳನ್ನು ಕುರಿತ ತನ್ನ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದ ಮೇಲೆ, 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಬಳಕೆಗೆ ತಂದನು. ಗದಗ ಸೀಮೆಯ ಮನೆಗಳಲ್ಲಿ ಹಾಲಿಗೆ ಹಾಕುವ ಹೆಪ್ಪಿನಂತೆಯೇ ಒಂದು ಜೀವಿಯ ಬೆಳೆಯನ್ನು ಇನ್ನೊಂದು ಪಾತ್ರೆಗೆ ದಾಟಿಸುವ ಕೆಲಸವಿದು. ವ್ಯತ್ಯಾಸವೆಂದರೆ ಮೊಸರಿನ ಹುಳಿ ಬೇರೆ ಜೀವಿಗಳನ್ನು ಬೇಗನೆ ದೂರವಿಡುತ್ತದೆ, ವರ್ಟಿನಲ್ಲಿ ಯೀಸ್ಟು ಮೇಲುಗೈ ಪಡೆಯುವವರೆಗಿನ ಒಂದು ದಿನ ಯಾವ ಜೀವಿಯಾದರೂ ನುಗ್ಗಬಹುದು. ಆದುದರಿಂದಲೇ ಪಾತ್ರೆಯ ಶುಚಿತ್ವ ಈ ಕೆಲಸದ ಬಹುಪಾಲನ್ನು ಆಕ್ರಮಿಸಿಕೊಳ್ಳುತ್ತದೆ.

ಶುಚಿಯಾದ ಮೇಲಿನ ಕಷ್ಟ ಉಷ್ಣತೆಯದು. ಸಾಮಾನ್ಯ ಬಿಯರ್ ಯೀಸ್ಟ್ 18ರಿಂದ 20 ಡಿಗ್ರಿಯ ತಂಪನ್ನು ಬಯಸುತ್ತದೆ, ಹುದುಗುವಾಗ ಅದು ತಾನೇ ಕಾವು ಬಿಡುವುದರಿಂದ ಪಾತ್ರೆಯ ಒಳಗು ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ. 25 ಡಿಗ್ರಿ ದಾಟಿದರೆ ಭಾರವಾದ ಮದ್ಯಸಾರಗಳೂ ಅತಿಯಾದ ಹಣ್ಣಿನ ವಾಸನೆಯೂ ಹುಟ್ಟುತ್ತವೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದ್ದರೂ ಗದಗದಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 37 – 38 ಡಿಗ್ರಿ ಮುಟ್ಟುವುದು ಸಾಮಾನ್ಯ, ಮುಂಡರಗಿಯ ಬಯಲಿನಲ್ಲಿ ಅದಕ್ಕೂ ತುಸು ಹೆಚ್ಚು. ದಪ್ಪ ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಗಳ ನಡುಮನೆ ಹೊರಗಿಗಿಂತ ತಂಪಾಗಿದ್ದರೂ 20 ಡಿಗ್ರಿಗೆ ಇಳಿಯುವುದು ಚಳಿಗಾಲದ ರಾತ್ರಿಗಳಲ್ಲಿ ಮಾತ್ರ. ನಾರ್ವೆಯ ಹೊಲಮನೆಗಳಲ್ಲಿ ತಲೆಮಾರುಗಳಿಂದ ಉಳಿದು ಬಂದಿರುವ ಕ್ವೈಕ್ ಎಂಬ ಯೀಸ್ಟ್ 30ರಿಂದ 40 ಡಿಗ್ರಿಯಲ್ಲಿಯೂ ಸ್ವಚ್ಛವಾಗಿ ಹುದುಗುತ್ತದೆ. ಬಿಸಿಲ ನಾಡಿಗೆ ಒಗ್ಗುವ ಯೀಸ್ಟು ಹಿಮದ ನಾಡಿನಿಂದ ಬಂದಿರುವುದು ವಿಚಿತ್ರವಾಗಿ ಕಂಡರೂ, ಅಲ್ಲಿನ ರೈತರು ರಸ ಪೂರ್ತಿ ತಣಿಯುವ ಮೊದಲೇ ಯೀಸ್ಟ್ ಹಾಕುತ್ತಿದ್ದುದೇ ಇದಕ್ಕೆ ಕಾರಣ.

ಅನಿಲದ ವಿಷಯವೊಂದು ಈ ಸೀಮೆಯವರಿಗೆ ಪ್ರತ್ಯೇಕವಾಗಿ ವಿವರಿಸಬೇಕಾದುದಲ್ಲ. 20 ಲೀಟರ್ ವರ್ಟ್ ಹುದುಗಿ ಶೇಕಡಾ 5ರ ಬಿಯರ್ ಆಗುವಾಗ ಸುಮಾರು 400 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದು ಗಾಳಿಗಿಂತ ಭಾರವಾದುದರಿಂದ ಕಿಟಕಿಯಿಲ್ಲದ ಕೋಣೆಯ ನೆಲಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಜೋಳ ತುಂಬಿಡುವ ನೆಲದೊಳಗಿನ ಹಗೇವು ತೆರೆದಾಗ, ಕಾಳು ಉಸಿರಾಡಿ ಬಿಟ್ಟ ಇದೇ ಅನಿಲ ತುಂಬಿರುತ್ತದೆಂಬುದನ್ನು ಬಲ್ಲ ಹಿರಿಯರು, ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಆರುವುದೋ ಉರಿಯುವುದೋ ಎಂದು ನೋಡಿದ ಮೇಲೆಯೇ ಆಳನ್ನು ಇಳಿಸುತ್ತಿದ್ದರು. ಹಾಗೆ ನೋಡದೆ ಇಳಿದವರು ಸತ್ತಿರುವ ಘಟನೆಗಳು ಉತ್ತರ ಕರ್ನಾಟಕದಲ್ಲಿ ನಡೆದಿವೆ.

ಇನ್ನು ನೀರು. ಬಿಯರಿನ ಶೇಕಡಾ 90ಕ್ಕೂ ಹೆಚ್ಚು ಭಾಗ ನೀರೇ ಆಗಿರುವುದರಿಂದ ಊರಿನ ನೀರು ಬಿಯರಿನ ಜಾತಿಯನ್ನೇ ನಿರ್ಧರಿಸಿದ ಉದಾಹರಣೆಗಳು ಯುರೋಪಿನಲ್ಲಿವೆ; ಜಿಪ್ಸಮ್ ಬೆರೆತ ಗಡಸು ನೀರಿನ ಇಂಗ್ಲೆಂಡಿನ ಬರ್ಟನ್ ಊರು ಕಹಿ ಬಿಯರಿಗೆ ಹೆಸರಾದರೆ, ತೀರ ಮೆದು ನೀರಿನ ಬೊಹಿಮಿಯದ ಪಿಲ್ಸೆನ್ ತಿಳಿಬಣ್ಣದ ಬಿಯರಿಗೆ ಹೆಸರಾಯಿತು. ಗದಗ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಗಡಸುತನದ ಜೊತೆಗೆ ಫ್ಲೋರೈಡ್ ಇದೆ, ಮುಂಡರಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಅದರ ಕಾಟ ವಿಶೇಷವಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತವೆ, ಮೂಳೆಗಳು ಬಿಗಿಯುತ್ತವೆ. ನೀರನ್ನು ಕುದಿಸಿದರೆ ಸರಿಹೋಗುತ್ತದೆಂಬ ನಂಬಿಕೆ ಫ್ಲೋರೈಡಿನ ಮಟ್ಟಿಗೆ ತಪ್ಪು, ತಪ್ಪಷ್ಟೇ ಅಲ್ಲ, ತಿರುಗುಮುರುಗು. ಕುದಿಯುವಾಗ ಆವಿಯಾಗುವುದು ನೀರು ಮಾತ್ರ, ಫ್ಲೋರೈಡ್ ಪಾತ್ರೆಯಲ್ಲಿಯೇ ಉಳಿದು ಮಿಕ್ಕ ನೀರಿನಲ್ಲಿ ದಟ್ಟವಾಗುತ್ತದೆ. ಗಂಟೆಗಟ್ಟಲೆ ಕುದಿಸುವ ವರ್ಟಿನಂತಹ ಪದಾರ್ಥಕ್ಕೆ ಇದು ಚಿಕ್ಕ ಮಾತಲ್ಲ.

ಹಳ್ಳಿಹಳ್ಳಿಗಳಲ್ಲಿ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಆರ್.ಓ. ವಿಧಾನದಿಂದ, ಅಂದರೆ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ, ಫ್ಲೋರೈಡನ್ನು ತೆಗೆಯುತ್ತವೆ. ಆದರೆ ಅವು ಕ್ಯಾಲ್ಸಿಯಮ್ಮನ್ನೂ ತೆಗೆಯುವುದರಿಂದ, ಮಾಲ್ಟಿನ ಕಿಣ್ವಗಳಿಗೂ ಯೀಸ್ಟಿಗೂ ಬೇಕಾದ ಲೀಟರಿಗೆ 50 ಮಿಲಿಗ್ರಾಂನಷ್ಟನ್ನು ಜಿಪ್ಸಮ್ ಬೆರೆಸಿ ಮರಳಿಸಬೇಕಾಗುತ್ತದೆ. ಗದಗ-ಬೆಟಗೇರಿ ಅವಳಿ ನಗರಕ್ಕೆ ಹಮ್ಮಿಗಿ ಬ್ಯಾರೇಜಿನಿಂದ ಬರುವ ತುಂಗಭದ್ರೆಯ ನೀರು ಈ ದೃಷ್ಟಿಯಿಂದ ಮೇಲು, ಅದರಲ್ಲಿ ಬೆರೆತ ಬ್ಲೀಚಿಂಗ್ ಪೌಡರಿನ ಕ್ಲೋರಿನ್ನನ್ನು ಒಂದು ರಾತ್ರಿ ತೆರೆದಿಟ್ಟು ಹೋಗಲಾಡಿಸದಿದ್ದರೆ ಹುದುಗಿದ ಪದಾರ್ಥಕ್ಕೆ ಆಸ್ಪತ್ರೆಯ ವಾಸನೆ ಬರುತ್ತದೆ ಎಂಬುದೊಂದೇ ಎಚ್ಚರಿಕೆ. ನಳಕ್ಕೆ ದಿನಗಟ್ಟಲೆ ಕಾಯುವ ಗದಗ-ಬೆಟಗೇರಿಯವರ ಕಣ್ಣಿಗೆ ಬೀಳುವುದು ಇನ್ನೊಂದು ಲೆಕ್ಕ: ಧಾನ್ಯದಿಂದಲೇ ತೊಡಗಿ ಒಂದು ಲೀಟರ್ ಬಿಯರ್ ಮಾಡಲು ತೊಳೆಯುವುದು, ತಣಿಸುವುದು ಸೇರಿ ಹಲವು ಲೀಟರ್ ನೀರು ವೆಚ್ಚವಾಗುತ್ತದೆ. ಕಿಟ್ ಕೊಂಡವನ ಮನೆಯಲ್ಲಿ ಈ ವೆಚ್ಚ ಕಾಣುವುದಿಲ್ಲ. ಅದನ್ನು ಮತ್ತೊಂದು ಊರು ಆಗಲೇ ಭರಿಸಿರುತ್ತದೆ.

ಬಿಸಿಲು, ನೀರುಗಳಿಗಿಂತ ಗಟ್ಟಿಯಾದ ಅಡ್ಡಿ ಕಾನೂನಿನದು. ಕರ್ನಾಟಕ ಅಬಕಾರಿ ಅಧಿನಿಯಮ, 1965ರ 13ನೆಯ ಪ್ರಕರಣದ ಪ್ರಕಾರ ಪರವಾನಗಿಯಿಲ್ಲದೆ ಯಾವ ಮಾದಕ ಪಾನೀಯವನ್ನೂ ತಯಾರಿಸುವಂತಿಲ್ಲ, ತಯಾರಿಸುವ ಉದ್ದೇಶದಿಂದ ಸಾಮಗ್ರಿಯನ್ನೋ ಪಾತ್ರೆ ಪರಡಿಗಳನ್ನೋ ಇಟ್ಟುಕೊಳ್ಳುವಂತೆಯೂ ಇಲ್ಲ. ಸ್ವಂತ ಬಳಕೆಗೆಂದು ಮನೆಯಲ್ಲಿ ಬಿಯರ್ ಮಾಡಿಕೊಳ್ಳುವವರಿಗೆ ಅದರಲ್ಲಿ ವಿನಾಯಿತಿಯಿಲ್ಲ. ಬೆಂಗಳೂರಿನಲ್ಲಿ 2010ರ ದಶಕದ ಆರಂಭದಿಂದ ತಲೆಯೆತ್ತಿದ ಮೈಕ್ರೋಬ್ರೂವರಿಗಳು, ಅಂದರೆ ತಾವು ಮಾಡಿದ ಬಿಯರನ್ನು ತಮ್ಮಲ್ಲಿಯೇ ಬಡಿಸುವ ಚಿಕ್ಕ ತಯಾರಿಕಾ ಕೇಂದ್ರಗಳು, ಪ್ರತ್ಯೇಕ ಪರವಾನಗಿಯ ಮೇಲೆ ನಡೆಯುತ್ತವೆ. ಬ್ರಿಟನ್ನಿನಲ್ಲಿ 1880ರಲ್ಲಿ ಹೇರಿದ್ದ ಮನೆ ಬಿಯರಿನ ಪರವಾನಗಿಯನ್ನು 1963ರಲ್ಲಿ ತೆಗೆದುಹಾಕಲಾಯಿತು. ಅಮೆರಿಕದಲ್ಲಿ 1978ರ ಕಾನೂನು ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ನುಗಳವರೆಗೆ ತೆರಿಗೆಯಿಲ್ಲದೆ ಮಾಡಿಕೊಳ್ಳಲು ಒಪ್ಪಿತು. ತಾಜಾ ವರ್ಟ್ ಕಿಟ್ಟಿನಂತಹ ವ್ಯಾಪಾರ ಬೆಳೆಯುವುದು ಇಂತಹ ವಿನಾಯಿತಿಯ ನೆರಳಿನಲ್ಲಿ ಮಾತ್ರ.

ಮನೆಯ ಮಡಕೆಗೂ ಅರಸನ ಖಜಾನೆಗೂ ನಡುವಿನ ಈ ವ್ಯಾಜ್ಯ ಬಹಳ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವೇ ಮೀಸಲಾಗಿದ್ದು, ಉದ್ದು ಮತ್ತು ಅಕ್ಕಿಗಳಿಂದ ಮಾಡುವ ಕಿಣ್ವವೆಂಬ ಹೆಪ್ಪಿನ ಅಳತೆಗಳೂ ಅದರಲ್ಲಿವೆ. ಅಷ್ಟೊಂದು ಬಿಗಿಯಾದ ಆ ಗ್ರಂಥವೂ ಗೃಹಸ್ಥರು ವಿಶೇಷ ಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದು, ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನ ಸಡಿಲಿಕೆ ಇರಬೇಕೆಂದು ಹೇಳುತ್ತದೆ. ಈ ಒಂದು ವಿಷಯದಲ್ಲಿ ಕೌಟಿಲ್ಯನು ಇಂದಿನ ಅಬಕಾರಿ ಇಲಾಖೆಗಿಂತ ಉದಾರಿಯಾಗಿದ್ದನೆಂದರೆ ತಪ್ಪಾಗಲಾರದು.

ಈ ನಾಲ್ಕು ಊರುಗಳ ಇತಿಹಾಸವೂ ಅಬಕಾರಿಯ ದೃಷ್ಟಿಯಿಂದ ಒಂದೇ ಆಗಿರಲಿಲ್ಲ. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿ 1878ರ ಮುಂಬಯಿ ಅಬಕಾರಿ ಕಾನೂನಿನ ಅಡಿಯಲ್ಲಿದ್ದಾಗ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಹತ್ತಾರು ಮೈಲಿಯೊಳಗೆ ಮೂರು ಆಡಳಿತಗಳ ಗಡಿ ಹಾಯುತ್ತಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನಗೊಂಡವು, 1949ರ ಮುಂಬಯಿ ಪಾನನಿರೋಧ ಕಾನೂನು ನಾಲ್ಕಕ್ಕೂ ಒಂದೇ ಕಟ್ಟು ಹಾಕಿತು, 1956ರಲ್ಲಿ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತು, 1960ರ ದಶಕದ ಕೊನೆಗೆ ಪಾನನಿರೋಧ ಸಡಿಲವಾಯಿತು. 2007ರ ಜುಲೈ 1ರಿಂದ ಸಾರಾಯಿ ರಾಜ್ಯದಲ್ಲೆಲ್ಲ ನಿಷೇಧವಾಯಿತು. ಸಾರಾಯಿ ಮತ್ತು ಕಳ್ಳಬಟ್ಟಿಗಳು ಭಟ್ಟಿ ಇಳಿಸಿದ, ಅಂದರೆ ಹುದುಗಿದ ರಸವನ್ನು ಕಾಯಿಸಿ ಅದರ ಆವಿಯನ್ನು ತಣಿಸಿ ಹಿಡಿದ, ದ್ರವಗಳು. ಬಿಯರಿನಲ್ಲಿ ಆ ಹಂತವೇ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವ ವಾಡಿಕೆಗೆ ಸಾಮಾಜಿಕ ಕಾರಣಗಳಿರಬಹುದು, ತಾಂತ್ರಿಕ ಆಧಾರವಂತೂ ಇಲ್ಲ. ಕುಡಿತದಿಂದ ಮನೆಗಳು ಹಾಳಾದುದನ್ನು ಕಂಡ ಸೀಮೆಯಲ್ಲಿ ಆ ವಾಡಿಕೆಯನ್ನು ಹಗುರವಾಗಿ ತಳ್ಳಿಹಾಕುವುದೂ ಸರಿಯಾಗದು.

ಹೀಗೆ ಯೀಸ್ಟಿನ ಪಾಲು ಮುಚ್ಚಿದ ಬಾಗಿಲಾದ ಮೇಲೆ ಉಳಿಯುವುದು ಮೊಳಕೆಯ ಪಾಲು, ಅದಕ್ಕೆ ಬೇಕಾದ ಕಾಳು ಎರೆಹೊಲದಲ್ಲಿಯೇ ಇದೆ. ಮಾಲದಂಡಿಯೆಂದು ಹೆಸರಾದ ಎಂ 35-1 ತಳಿಯ ಹಿಂಗಾರಿ ಬಿಳಿಜೋಳ, ತೆನೆ ಬಲಿಯುವಾಗ ಮಳೆ ಇಲ್ಲದಿರುವುದರಿಂದ ಬೂಸರು ಹಿಡಿಯದೆ ಮುತ್ತಿನಂತಿರುತ್ತದೆ. ಮುಂಗಾರಿ ಜೋಳಕ್ಕೆ ಈ ಭಾಗ್ಯವಿಲ್ಲ. ಬಾರ್ಲಿಯನ್ನು ಮೊಳೆಯಿಸಲು 15ರಿಂದ 18 ಡಿಗ್ರಿಯ ತಂಪು ಬೇಕಾಗಿ ಮಾಲ್ಟ್ ಕಾರ್ಖಾನೆಗಳು ಗಾಳಿಯನ್ನು ತಣಿಸಲು ವಿದ್ಯುತ್ ಸುಡುತ್ತವೆ. ಜೋಳವಾದರೋ 25ರಿಂದ 30 ಡಿಗ್ರಿಯಲ್ಲಿ, ಅಂದರೆ ಗದಗದ ವರ್ಷದ ಹೆಚ್ಚಿನ ದಿನಗಳ ನೆರಳಿನಲ್ಲಿ, ಚೆನ್ನಾಗಿ ಮೊಳೆಯುತ್ತದೆ. ಒಂದು ಹಗಲು ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಗೋಣಿತಾಟಿನ ಕೆಳಗೆ ತೆಳುವಾಗಿ ಹರಡಿ, ದಿನಕ್ಕೆ ಎರಡು ಮೂರು ಸಲ ಕೈಯಾಡಿಸುತ್ತ ನೀರು ಚಿಮುಕಿಸಿದರೆ ನಾಲ್ಕೈದು ದಿನಗಳಲ್ಲಿ ಕಿಣ್ವ ತುಂಬಿದ ಮೊಳಕೆ ಸಿದ್ಧವಾಗುತ್ತದೆ.

ಆದರೆ ಜೋಳದ ಮೊಳಕೆಗೆ ಹೆಸರುಕಾಳಿನ ಮೊಳಕೆಗಿಲ್ಲದ ಒಂದು ಅಪಾಯವಿದೆ, ಅದನ್ನು ಮರೆಸಿ ಮಾತನಾಡುವುದು ಸಲ್ಲದು. ಎಳೆಯ ಜೋಳದ ಗಿಡದಲ್ಲಿ ಧುರಿನ್ ಎಂಬ ಪದಾರ್ಥವಿದ್ದು, ಅದು ಒಡೆದಾಗ ಹೈಡ್ರೋಜನ್ ಸಯನೈಡ್ ಎಂಬ ಕಡುವಿಷ ಬಿಡುಗಡೆಯಾಗುತ್ತದೆ. ಮಳೆ ಕೈಕೊಟ್ಟು ಸೊರಗಿದ ಎಳೆ ಜೋಳವನ್ನು ಮೇಯ್ದ ದನಗಳು ಹೊಲದಲ್ಲಿಯೇ ಬಿದ್ದು ಸಾಯುವುದು ಇದರಿಂದಲೇ. ಮೊಳಕೆಯಲ್ಲಿ ಈ ವಿಷ ಸೇರಿರುವುದು ಮುಖ್ಯವಾಗಿ ಚಿಗುರು ಮತ್ತು ಬೇರಿನಲ್ಲಿ. ಆದುದರಿಂದ ಮೊಳೆತ ಜೋಳವನ್ನು ಹಸಿಯಾಗಿ ತಿನ್ನುವಂತಿಲ್ಲ. ಪೂರ್ತಿ ಒಣಗಿಸಿ, ಗೋಣಿಯ ಮೇಲೆ ಉಜ್ಜಿ, ಚಿಗುರು ಬೇರುಗಳನ್ನೆಲ್ಲ ಮುರಿದು, ಮೊರದಲ್ಲಿ ಕೇರಿ ತೆಗೆದ ಮೇಲೆ ಉಳಿಯುವ ಕಾಳನ್ನು ಹುರಿದೋ ಬೇಯಿಸಿಯೋ ಬಳಸಬೇಕು. ಕೇರಿದ ಬೇರು ಚಿಗುರುಗಳನ್ನು ದನದ ಮುಂದೆ ಹಾಕದೆ ತಿಪ್ಪೆಗೆ ಹಾಕಬೇಕೆಂಬುದು ಅಷ್ಟೇ ಮುಖ್ಯ.

ಜೋಳದ ಮಾಲ್ಟಿನಿಂದ ವರ್ಟ್ ತೆಗೆಯುವುದರಲ್ಲಿ ಇನ್ನೆರಡು ತೊಡಕುಗಳಿವೆ. ಬಾರ್ಲಿಯ ಕಾಳಿಗೆ ಹೊಟ್ಟು ಅಂಟಿಕೊಂಡಿದ್ದು, ಸೋಸುವಾಗ ಅದೇ ಜರಡಿಯಾಗಿ ನಿಲ್ಲುತ್ತದೆ. ರಾಶಿಯಲ್ಲಿಯೇ ಹೊಟ್ಟು ಬಿಡುವ ಜೋಳ ಅಂಬಲಿಯಂತೆ ಕಟ್ಟಿಕೊಂಡು ರಸ ಇಳಿಯದು, ಅದಕ್ಕೆ ತೊಳೆದ ಭತ್ತದ ಹೊಟ್ಟನ್ನು ಬೆರೆಸಬೇಕಾಗುತ್ತದೆ. ಎರಡನೆಯದಾಗಿ, ಜೋಳದ ಪಿಷ್ಟ ಬಿಚ್ಚಿಕೊಳ್ಳಲು ಸುಮಾರು 68ರಿಂದ 75 ಡಿಗ್ರಿಯ ಕಾವು ಬೇಕು, ಆ ಕಾವಿನಲ್ಲಿ ಸಕ್ಕರೆ ಮಾಡುವ ಕಿಣ್ವಗಳಲ್ಲಿ ಮುಖ್ಯವಾದುದೊಂದು ಸತ್ತುಹೋಗುತ್ತದೆ. ಆಫ್ರಿಕದ ನಾಡುಗಳಲ್ಲಿ ಜೋಳದ ಬಿಯರಿನ ಪರಂಪರೆ ಹಳೆಯದಾಗಿದ್ದು, ನೈಜೀರಿಯ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳು ಕೂಡ ಜೋಳಕ್ಕೆ ಹೊರಳಿ ಈ ತೊಡಕನ್ನು ಬಿಡಿಸಿಕೊಳ್ಳಬೇಕಾಯಿತು. ಹೊರಗಿನಿಂದ ಕಿಣ್ವ ಸೇರಿಸುವುದು ಒಂದು ದಾರಿ; ಮಾಲ್ಟನ್ನು ಮೊದಲು 45 – 50 ಡಿಗ್ರಿಯ ನೀರಿನಲ್ಲಿ ನೆನೆಸಿ, ಕಿಣ್ವ ಕರಗಿದ ಮೇಲಿನ ತಿಳಿಯನ್ನು ಬೇರೆ ಪಾತ್ರೆಗೆ ಬಸಿದಿಟ್ಟು, ಕೆಳಗಿನ ಗಟ್ಟಿಯನ್ನು ಕುದಿಸಿ ಬೇಯಿಸಿ, ಅದು 65 ಡಿಗ್ರಿಗೆ ತಣಿದಾಗ ತಿಳಿಯನ್ನು ಮರಳಿ ಬೆರೆಸುವುದು ಇನ್ನೊಂದು ದಾರಿ. ಎರಡನೆಯದಕ್ಕೆ ಬೇಕಾದುದು ಎರಡು ಪಾತ್ರೆ, ಒಂದು ಥರ್ಮಾಮೀಟರ್ ಮತ್ತು ತಾಳ್ಮೆ.

ಸಿಹಿಯಾದ ಈ ರಸಕ್ಕೆ ಯೀಸ್ಟ್ ಹಾಕದಿದ್ದರೆ ಅದು ಆಹಾರ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ 1980ರ ದಶಕದಲ್ಲಿ ರಾಗಿ ಮತ್ತು ಹೆಸರುಕಾಳಿನ ಮಾಲ್ಟಿನಿಂದ ಕೂಸುಗಳ ಆಹಾರವನ್ನು ರೂಪಿಸಿತ್ತು. ಮೊಳಕೆಯ ಕಿಣ್ವ ಗಂಜಿಯನ್ನು ತೆಳುವಾಗಿಸುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಸೇರಿ, ಸಣ್ಣ ಹೊಟ್ಟೆಗೆ ಹೆಚ್ಚು ಪೋಷಣೆ ಸಿಗುತ್ತದೆಂಬುದು ಅದರ ತತ್ತ್ವ. ಗದಗ ಜಿಲ್ಲೆಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಬೆಳೆಯುವುದರಿಂದ ಇಂತಹ ಜೋಡಿಗೆ ಕಾಳಿನ ಕೊರತೆಯಿಲ್ಲ. ಅಂಗಡಿಗಳಲ್ಲಿ ಮಾಲ್ಟ್ ಎಂಬ ಹೆಸರಿನಿಂದ ಮಾರಾಟವಾಗುವ ಪುಡಿಗಳೆಲ್ಲ ಮೊಳೆಯಿಸಿದ ಕಾಳಿನವಲ್ಲ, ಕೆಲವು ಬರಿಯ ಹುರಿಹಿಟ್ಟುಗಳು. ಗಟ್ಟಿ ಗಂಜಿಗೆ ಒಂದು ಚಮಚ ಹುರಿಯದ ಮಾಲ್ಟ್ ಹಿಟ್ಟು ಬೆರೆಸಿ, ಕೈ ತಡೆಯದಷ್ಟು ಬಿಸಿಯಲ್ಲಿ ಹತ್ತು ನಿಮಿಷ ಇಟ್ಟಾಗ ಅದು ನೀರಾಗುವುದೋ ಇಲ್ಲವೋ ಎಂದು ನೋಡಿದರೆ ನಿಜ ತಿಳಿಯುತ್ತದೆ.

ರಸವನ್ನೇ ಸೀಸೆಗೆ ತುಂಬಿ ಮಾರಲು ಹೊರಡುವವರು ಮಾತ್ರ ತಾಜಾ ವರ್ಟ್ ಕಿಟ್ಟನ್ನು ಕಣ್ಣುಮುಚ್ಚಿ ಅನುಸರಿಸಬಾರದು. ವರ್ಟಿನ ಹುಳಿಯ ಮಟ್ಟ, ವಿಜ್ಞಾನಿಗಳು ಪಿಎಚ್ ಎಂದು ಕರೆಯುವ ಅಳತೆ, 5ರಿಂದ 5.5ರಷ್ಟಿರುತ್ತದೆ, 4.6ಕ್ಕಿಂತ ಕಡಿಮೆ ಹುಳಿಯಿರುವ, ಅಂದರೆ ಪಿಎಚ್ ಅದಕ್ಕಿಂತ ಮೇಲಿರುವ, ಗಾಳಿಯಾಡದ ದ್ರವದಲ್ಲಿ ಬಾಟುಲಿಸಂ ಎಂಬ ಮಾರಕ ರೋಗದ ವಿಷವನ್ನು ಹುಟ್ಟಿಸುವ ಬ್ಯಾಕ್ಟೀರಿಯ ಬೆಳೆಯಬಲ್ಲದು, ಅದರ ಬೀಜಕಣಗಳು ಸಾಮಾನ್ಯ ಕುದಿತಕ್ಕೆ ಸಾಯುವುದಿಲ್ಲ. ಹುದುಗು ತೊಡಗಿದ ಕೂಡಲೇ ಹುಳಿ ಏರಿ ಬಿಯರಿಗೆ ಈ ಭಯ ತಪ್ಪುತ್ತದೆ, ಹುದುಗಿಸದ ರಸಕ್ಕೆ ತಪ್ಪುವುದಿಲ್ಲ. ಆದುದರಿಂದ ನಿಂಬೆಹುಳಿ ಸೇರಿಸಿ ಪಿಎಚ್ಚನ್ನು 4.6ಕ್ಕಿಂತ ಕೆಳಗಿಳಿಸಿ ಕುದಿಸಿ ತುಂಬುವುದೋ, ಒತ್ತಡದ ಪಾತ್ರೆಯಲ್ಲಿ 121 ಡಿಗ್ರಿಯವರೆಗೆ ಕಾಯಿಸುವುದೋ ಆಗಬೇಕು. ಇವೆರಡಕ್ಕಿಂತ ಸುಲಭವಾದುದು ದ್ರವದ ಗೊಡವೆಯನ್ನೇ ಬಿಟ್ಟು ಒಣ ಮಾಲ್ಟನ್ನು ಮಾರುವುದು; ಚೆನ್ನಾಗಿ ಒಣಗಿದ ಮಾಲ್ಟ್ ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಸಾಗಣೆಯಲ್ಲಿ ನೀರಿನ ಭಾರ ಹೊರಬೇಕಾಗಿಲ್ಲ, ಅಬಕಾರಿಯವರ ಪರವಾನಗಿಯ ಪ್ರಶ್ನೆಯೂ ಏಳುವುದಿಲ್ಲ. ಒಣ ಮಾಲ್ಟಿನ ಇಂತಹ ಉದ್ಯೋಗಕ್ಕೆ ಬೇಕಾದ ಸಹಕಾರದ ಪರಂಪರೆಯೂ ಕೃಷಿ ಸಲಹೆಯೂ ಇಲ್ಲಿ ಹತ್ತಿರದಲ್ಲಿಯೇ ಇವೆ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ಕಣಗಿನಹಾಳ ಗದಗ ತಾಲ್ಲೂಕಿನದೇ ಊರು. ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ನೆನೆಸುವ ತೊಟ್ಟಿ, ನೆರಳಿನ ಚಪ್ಪರ, ಸೋಲಾರ್ ಒಣಗಿಸುವ ಪೆಟ್ಟಿಗೆ, ಬೇರು ಮುರಿಯುವ ಯಂತ್ರ ಇವಿಷ್ಟರಿಂದ ಮಹಿಳಾ ಸ್ವಸಹಾಯ ಗುಂಪೊಂದು ತೊಡಗಬಹುದಾದ ಈ ಉದ್ಯೋಗಕ್ಕೆ ಕಾಲ ಯಾವುದೆಂದರೆ, ಹೊಸ ಜೋಳ ಕಣ ಮುಗಿಸಿ ಒಂದೆರಡು ತಿಂಗಳು ಕಳೆದ ಮೇಲಿನ ದಿನಗಳು. ರಾಶಿಯಾದ ಕೂಡಲೇ ನೆನೆಸಿದ ಕಾಳಿನಲ್ಲಿ ಎಲ್ಲವೂ ಒಂದೇ ದಿನ ಮೊಳೆಯುವುದಿಲ್ಲ, ಹಗೇವಿನಲ್ಲಿ ವರ್ಷ ಕಳೆದ ಕಾಳಿನಲ್ಲಿ ಮೊಳೆಯುವ ಶಕ್ತಿಯೇ ಕುಂದಿರುತ್ತದೆ, ಮೊಳೆಯದೆ ಉಳಿದ ಕಾಳು ಒದ್ದೆ ಗೋಣಿಯ ಕೆಳಗೆ ಬೂಸರು ಹಿಡಿದು ಪಕ್ಕದ ಒಳ್ಳೆಯ ಕಾಳನ್ನೂ ಕೆಡಿಸುತ್ತದೆ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೂರು ದಿನದಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮೊಳೆತರೆ ಮಾತ್ರ ಆ ಚೀಲವನ್ನು ತೊಟ್ಟಿಗೆ ಸುರಿಯಬೇಕು. ಕಡಿಮೆಯಾದರೆ ಅದನ್ನು ರೊಟ್ಟಿಗೆ ಬಿಡುವುದು ಲೇಸು.